ಉಪ್ಪು ನೋಡಿದ್ದು ಲೆಕ್ಕಕ್ಕಿಲ್ಲ

ಹೆಗ್ಗನಹಳ್ಳಿ ಕ್ರಾಸಿನಿಂದ ಒಳಗೆ ಮೂರನೇ ತಿರುವಿನಲ್ಲಿ ಮುನಿತಾಯಮ್ಮನವರ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಬೆಳಿಗ್ಗೆ ಪೂರಿ ಮತ್ತು ಆಲೂಗಡ್ಡೆ ಪಲ್ಯ, ಸಂಜೆ ಆಲೂಗಡ್ಡೆ ಬೋಂಡ, ವಾರಕ್ಕೆರಡು ದಿನ ಚಿಪ್ಸ್. ಬೇರೆ ತರಕಾರಿಗೆ ಆ ಕೋಣೆಯಲ್ಲಿ ಪ್ರವೇಶವಿಲ್ಲ. ಅದರ ಮೇಲಿನ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ಊರು ರಾಣೆಬೆನ್ನೂರಿನ ಕಡೆ, ಇಲ್ಲೇ ಒಂದು ಶಾಲೆಯಲ್ಲಿ ಟೀಚರು. ಐದು ವರ್ಷದ ಹಿಂದೆ ಬಂದಾಗ ನನ್ನ ತೂಕ ಎಷ್ಟಿತ್ತು, ಈಗ ಎಷ್ಟಿದೆ ಎಂದು ಬರೆಯುವ ಉದ್ದೇಶ ನನಗಿಲ್ಲ. ಇದು ಮುನಿತಾಯಮ್ಮನವರ ಕಥೆ.

ಅವರಿಗೆ ಐವತ್ತೆಂಟು. ಇಪ್ಪತ್ತೆರಡು ವರ್ಷದಿಂದ ಒಲೆಯ ಮುಂದೆ ನಿಂತೇ ಇದ್ದಾರೆ. ಈ ಸಲ ಯುಗಾದಿಯ ಹೊತ್ತಿಗೆ ಬಲಗಾಲಿನ ಮಂಡಿ ಹಠ ಹಿಡಿಯಿತು. ಡಾಕ್ಟರು ಎಕ್ಸ್‌ರೇ ನೋಡಿ, "ಮೂರು ತಿಂಗಳಲ್ಲಿ ಆರು ಕೆಜಿ ಇಳಿಸಿ. ಇಳಿಸಿದ್ರೆ ನಿಂತು ಕೆಲಸ ಮಾಡಬಹುದು. ಇಲ್ಲಾಂದ್ರೆ ಅಂಗಡಿ ಮುಚ್ಚಿ ಮನೇಲಿ ಕೂತ್ಕೊಳ್ಳಿ" ಅಂದುಬಿಟ್ಟರು. ಜೊತೆಗೆ ಹೋಗಿದ್ದವಳು ನಾನೇ. ಹೊರಗೆ ಬೆಂಚಿನ ಮೇಲೆ ಕೂತು ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ದಿನಾ ನೂರು ಜನಕ್ಕೆ ತಿನ್ನಲು ಕೊಡುವ ಹೆಂಗಸನ್ನು ಟಿವಿ ಮುಂದೆ ಕೂರಿಸಿದರೆ ಒಂದೇ ವಾರದಲ್ಲಿ ಸೊರಗಿಹೋಗುತ್ತಾರೆ. 

ಅಲ್ಲೇ ಪಕ್ಕದ ಕೋಣೆಯಲ್ಲಿ ಸ್ಪಂದನ ಎಂಬ ಡಯಟೀಷಿಯನ್ ಹುಡುಗಿ ಇದ್ದಳು. ಮುನಿತಾಯಮ್ಮ ಕುರ್ಚಿಯಲ್ಲಿ ಕೂರುವ ಮೊದಲೇ ಷರತ್ತು ಹಾಕಿದರು.

"ಆಲೂಗಡ್ಡೆ ಬಿಡು ಅಂದ್ರೆ ಮಾತ್ರ ಆಗಲ್ಲ ಕಣಮ್ಮ, ಈಗ್ಲೇ ಹೇಳ್ಬುಡ್ತೀನಿ."

"ಬಿಡಿ ಅಂತ ನಾನೆಲ್ಲಿ ಹೇಳ್ದೆ ಆಂಟಿ? ಅಳತೆ ಇಟ್ಕೊಳ್ಳಿ ಅಷ್ಟೆ. ಬೇಯಿಸಿದ್ದಾದ್ರೆ ನೂರೈವತ್ತು ಗ್ರಾಂ ತಿನ್ನಿ, ಹೆಚ್ಚುಕಮ್ಮಿ ನೂರ ಮೂವತ್ತು ಕ್ಯಾಲೊರಿ. ಅಷ್ಟೇ ಕ್ಯಾಲೊರಿಗೆ ಬೋಂಡ ಆದ್ರೆ ಸಣ್ಣದು ಒಂದು. ಚಿಪ್ಸ್ ಆದ್ರೆ ಇಪ್ಪತ್ತೈದು ಗ್ರಾಂ. ದಿನಕ್ಕೆ ಮೂರ್ರಲ್ಲಿ ಒಂದು ಮಾತ್ರ. ಮತ್ತೆ ಅದು ತರಕಾರಿ ಲೆಕ್ಕ ಅಲ್ಲ, ತಿಂದ ದಿನ ಅನ್ನ, ಮುದ್ದೆ ಕಮ್ಮಿ ಮಾಡ್ಬೇಕು."

"ಇಪ್ಪತ್ತೈದು ಗ್ರಾಂ ಚಿಪ್ಸಾ? ಅಷ್ಟನ್ನ ನಾನು ಗಿರಾಕಿಗೆ ಕೊಸರು ಹಾಕ್ತೀನಿ ಕಣಮ್ಮ!"

ಸ್ಪಂದನ ನಕ್ಕಳು. ಏನೇನು ತಿಂದಿರೋ ಎಲ್ಲವನ್ನೂ ತೂಕ ಮಾಡಿ ಬರೆದಿಡಿ ಎಂದು ಒಂದು ಚಾರ್ಟು ಕೊಟ್ಟು ಕಳಿಸಿದಳು.

ಆ ಚಾರ್ಟು ಸಿಕ್ಕಿದ್ದು ಅಂಜಿನಯ್ಯನವರ ಕೈಗೆ. ಮುನಿತಾಯಮ್ಮನವರ ಗಂಡ. ಪೀಣ್ಯದ ಒಂದು ಬೋಲ್ಟ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಷನ್ ಕೆಲಸ ಮಾಡಿದವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದ ಬೋಲ್ಟನ್ನು ಎತ್ತಿ ಬಿಸಾಡುವುದೇ ಕೆಲಸ. ರಿಟೈರಾದ ಮೇಲೆ ಬಿಸಾಡಲು ಏನೂ ಸಿಗದೆ ಅವರಿಗೆ ಕೈ ಕಟ್ಟಿಹಾಕಿದಂತಾಗಿತ್ತು. ಮರುದಿನವೇ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ಬೀರುವಿನಿಂದ ವರ್ನಿಯರ್ ಹೊರಬಂತು. ಬೋಲ್ಟಿನ ದಪ್ಪ ಅಳೆಯುವ ಆ ಉಕ್ಕಿನ ಸಾಧನದ ದವಡೆಗೆ ಅವರು ಬೋಂಡ ಸಿಕ್ಕಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ಐವತ್ತೆರಡು ಮಿಲಿಮೀಟರ್. ಜಾಸ್ತಿ ಆಯ್ತು. ಇದು ನಿಂಗಲ್ಲ, ಗಿರಾಕಿಗೆ."

"ರೀ, ಆ ಕಬ್ಣಾನ ನನ್ ಬೋಂಡಕ್ಕೆ ಮುಟ್ಟಿಸ್ಬೇಡಿ!"

"ಸೋಪಲ್ಲಿ ತೊಳ್ದಿದೀನಿ ಕಣೇ."

ಬೈದರೂ ಮುನಿತಾಯಮ್ಮ ಅಳತೆ ಮೀರಲಿಲ್ಲ. ಸೋಮವಾರ ಬೇಯಿಸಿದ ಆಲೂಗಡ್ಡೆಗೆ ಮೆಣಸು, ನಿಂಬೆರಸ. ಮಂಗಳವಾರ ಚಮಚ ಎಣ್ಣೆಯ ಪಲ್ಯ, ಅರ್ಧ ಮುದ್ದೆ. ಬುಧವಾರ ನಲವತ್ತು ಮಿಲಿಮೀಟರಿನ ಒಂದು ಬೋಂಡ. ಚಿಪ್ಸಿನ ದಿನ ಹದಿನಾಲ್ಕು ಬಿಲ್ಲೆ ಎಣಿಸಿ, ಒಂದೊಂದನ್ನೂ ನಾಲ್ಕು ಸಲ ಕಡಿದು, ಕಾಲು ಗಂಟೆ ತಿನ್ನುತ್ತಿದ್ದರು. ನೋಡಿದರೆ ಪಾಪ ಅನಿಸುತ್ತಿತ್ತು.

ತಿಂಗಳು ಕಳೆದು ತೂಕ ನೋಡಿದರೆ ಇಳಿದದ್ದು ಇನ್ನೂರು ಗ್ರಾಂ.

ಅಂಜಿನಯ್ಯ ಮೊದಲು ಆಲೂಗಡ್ಡೆ ತೂಗುವ ತಕ್ಕಡಿಯನ್ನು ಅನುಮಾನಿಸಿದರು. ಒಂದು ಕೆಜಿ ಸಕ್ಕರೆ ಪೊಟ್ಟಣ ಇಟ್ಟು ನೋಡಿದರೆ ಅದು ಸರಿಯಾಗಿತ್ತು. ಆಮೇಲೆ ನನ್ನನ್ನು ಅನುಮಾನಿಸಿದರು. "ಟೀಚರಮ್ಮ, ಮೇಲಕ್ಕೆ ಕರ್ದು ಏನಾದ್ರೂ ತಿನ್ನುಸ್ತೀರಾ ಹೆಂಗೆ?" ಅಂತ ಕೇಳೇಬಿಟ್ಟರು. ನನಗೆ ರೇಗಿತು. ನಾನು ಮಾಡಿದ್ದನ್ನು ನಾನೇ ತಿನ್ನಲಾರದೆ ಕೆಳಗಿಳಿದು ಹೋಗುವವಳು, ನಾನು ಇನ್ನೊಬ್ಬರಿಗೆ ತಿನ್ನಿಸುವುದೆಂತು? ಎರಡು ದಿನ ಅವರ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಒಗ್ಗರಣೆಯ ವಾಸನೆ ಮೆಟ್ಟಿಲು ಹತ್ತಿ ಬಂತು, ನಾನು ಮೆಟ್ಟಿಲು ಇಳಿದೆ.

ಅವತ್ತು ಅಂಜಿನಯ್ಯ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು, ಕೆಟ್ಟ ಮೆಷಿನ್ನನ್ನು ನೋಡುವ ಹಾಗೆ ಹೆಂಡತಿಯನ್ನೇ ನೋಡುತ್ತ ಕೂತಿದ್ದರು. ಮುನಿತಾಯಮ್ಮ ಪಲ್ಯ ಕೈಯಾಡಿಸಿದರು, ಒಂದಿಷ್ಟನ್ನು ಅಂಗೈಗೆ ಹಾಕಿಕೊಂಡು ಬಾಯಿಗೆ ಹಾಕಿಕೊಂಡರು. ನಿಂಬೆ ಹಿಂಡಿದರು, ಇನ್ನೊಂದಿಷ್ಟು ಹಾಕಿಕೊಂಡರು. ಎರಡನೆಯ ಪಾತ್ರೆಯ ಪಲ್ಯಕ್ಕೂ ಅದೇ.

"ಈಗ ತಿಂದ್ಯಲ್ಲ, ಬರ್ಕೊಂಡ್ಯಾ?" ಎಂದರು ಅಂಜಿನಯ್ಯ.

"ಯಾವಾಗ ತಿಂದೆ? ಉಪ್ಪು ನೋಡ್ದೆ."

"ಉಪ್ಪು ನೋಡೋದು ಅಂದ್ರೆ ತಿನ್ನೋದಲ್ವೇನೇ?"

ಮುನಿತಾಯಮ್ಮ ಸೌಟು ಹಿಡಿದೇ ನನ್ನ ಕಡೆ ತಿರುಗಿದರು. "ನೋಡಿ ಟೀಚರಮ್ಮ, ನ್ಯಾಯ ನೀವೇ ಹೇಳಿ. ಶನಿವಾರ ಒಪ್ಪತ್ತು ಇದ್ದಾಗ್ಲೂ ನಾನು ಉಪ್ಪು ನೋಡ್ತೀನಿ. ಆ ಶನಿಮಾತ್ಮನೇ ಲೆಕ್ಕ ಹಿಡ್ದಿಲ್ಲ, ಇವ್ರು ಹಿಡೀತಾರೆ!"

ಅವರು ಸುಳ್ಳು ಹೇಳುತ್ತಿರಲಿಲ್ಲ. ಅಡುಗೆ ಮಾಡುವ ಯಾವ ಹೆಂಗಸನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ. ನನ್ನ ತಾಯಿ ಕೂಡ ಹೀಗೇ.

ಅಂಜಿನಯ್ಯ ವಾದ ಮಾಡಲಿಲ್ಲ. ಮಾರನೆಯ ದಿನ ಒಲೆಯ ಪಕ್ಕ ಒಂದು ಸ್ಟೀಲ್ ಬಟ್ಟಲಿಟ್ಟು, ಬಾಯಿಗೆ ಎಷ್ಟು ಹಾಕಿಕೊಳ್ಳುತ್ತೀಯೋ ಅಷ್ಟನ್ನೇ ಇದಕ್ಕೂ ಹಾಕು ಎಂದರು. ಪಲ್ಯ ಬಿತ್ತು. ಸಂಜೆ ಪ್ರತಿ ಬಾಂಡ್ಲಿಯ ಮೊದಲ ಬೋಂಡದ ಅರ್ಧ ಬಿತ್ತು. ಚಿಪ್ಸು ಉಪ್ಪಿಗೆ ಎರಡು, ಗರಿಗರಿಗೆ ಒಂದು, ಖಾತ್ರಿಗೆ ಇನ್ನೊಂದು. ಅಂಗಡಿ ಮುಚ್ಚುವಾಗ ತೂಗಿದರೆ ಮುನ್ನೂರ ಹತ್ತು ಗ್ರಾಂ. ಬೋಂಡ, ಚಿಪ್ಸು ಎಲ್ಲ ಸೇರಿ ಕ್ಯಾಲೊರಿಯಲ್ಲಿ ಇದು ಸ್ಪಂದನ ಕೊಟ್ಟ ಪಾಲಿನ ಮೂರು ಪಟ್ಟಿಗೂ ಹೆಚ್ಚು ಎಂದು ನಾನು ಲೆಕ್ಕ ಹಾಕಿ ಹೇಳಿದೆ.

ಮುನಿತಾಯಮ್ಮ ಸ್ಟೂಲಿನ ಮೇಲೆ ಕುಸಿದು ಕೂತರು. "ಉಪ್ಪು ನೋಡ್ದೇನೆ ನಾನು ಹೆಂಗ್ ಮಾಡ್ಲಿ? ಒಂದಿನ ಉಪ್ಪು ಹೆಚ್ಚಾದ್ರೆ ಗಿರಾಕಿ ನಾಳೆ ಬರಲ್ಲ. ಮಂಡಿ ಉಳಿಸ್ಕೊಳ್ಳೋಕೆ ಹೋಗಿ ಅಂಗ್ಡೀನೇ ಕಳ್ಕೋತೀನಿ."

ಉಪ್ಪು ನೋಡಲು ನಾನಿದ್ದೇನೆ ಎಂದೆ, ಸ್ವಲ್ಪ ಅವಸರವಾಗಿಯೇ. "ನಿಮ್ ಕಡೆಯೋರಿಗೆ ಖಾರ ಬಿಟ್ರೆ ಬೇರೇದು ನಾಲ್ಗೆಗೆ ಹತ್ತಲ್ಲ" ಎಂದು ತಳ್ಳಿಹಾಕಿದರು. ಗಂಡನ ನಾಲಿಗೆಯನ್ನಂತೂ ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ಎಂಟು ದಿನ ಅಂಜಿನಯ್ಯ ಒಂದು ವಿಚಿತ್ರ ಕೆಲಸ ಮಾಡಿದರು. ಉಪ್ಪಿನ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟರು. ಹೆಂಡತಿ ಕೈ ಹಾಕಿ ಉಪ್ಪು ತೆಗೆದಾಗಲೆಲ್ಲ ಎಷ್ಟು ಕಡಿಮೆಯಾಯಿತೆಂದು ನೋಡಿ ಬರೆದುಕೊಂಡರು. ಕೇಳಿದರೆ "ಸುಮ್ನೆ" ಅನ್ನುವರು. ಬಿಪಿಯ ನೆಪ ಹೇಳಿ ಗಂಡ ಉಪ್ಪಿಗೂ ಕತ್ತರಿ ಹಾಕುತ್ತಾರೇನೋ ಎಂದು ಮುನಿತಾಯಮ್ಮ ಗೊಣಗಿಕೊಂಡೇ ಇದ್ದರು.

ಒಂಬತ್ತನೆಯ ದಿನ ಬೆಳಿಗ್ಗೆ, ಪೂರಿ ಲಟ್ಟಿಸುವ ಮೊದಲು, ಅಂಜಿನಯ್ಯ ಕಾಗದ ತಂದು ಹೆಂಡತಿಯ ಮುಂದೆ ಹಿಡಿದರು. ಐದು ಕೆಜಿ ಆಲೂಗಡ್ಡೆಯ ಪಲ್ಯಕ್ಕೆ ಅವರು ಹಾಕಿದ ಉಪ್ಪು: ಎಪ್ಪತ್ತು ಗ್ರಾಂ, ಎಪ್ಪತ್ತು, ಎಪ್ಪತ್ತೊಂದು, ಎಪ್ಪತ್ತು, ಅರವತ್ತೊಂಬತ್ತು, ಎಪ್ಪತ್ತು, ಎಪ್ಪತ್ತು, ಎಪ್ಪತ್ತು.

"ಉಪ್ಪು ನೋಡಿದ್ಮೇಲೆ ಒಂದ್ಸಲಾನಾದ್ರೂ ಮತ್ತೆ ಹಾಕಿದ್ಯಾ? ಇಲ್ಲ. ಮೂವತ್ತು ವರ್ಷ ಮೆಷಿನ್ ಕೆಲ್ಸ ನೋಡ್ದೋನು ನಾನು. ಹೊಸಾ ಮೆಷಿನ್ನೂ ವಾರಕ್ಕೊಂದ್ಸಲ ದಾರಿ ತಪ್ಪೋದು. ನಿನ್ ಕೈ ತಪ್ಪಿಲ್ಲ ಕಣೇ. ಇನ್ನೇನು ನೋಡ್ಬೇಕು ನೀನು?"

ಮುನಿತಾಯಮ್ಮ ಕಾಗದ ಇಸಿದುಕೊಂಡು ಒಂದೊಂದರ ಮೇಲೂ ಬೆರಳಿಟ್ಟು ಓದಿದರು. ಅಂಕಿ ಓದಲು ಅವರಿಗೆ ಬರುತ್ತದೆ. "ಇಷ್ಟು ವರ್ಷ ಸುಮ್ಸುಮ್ನೆ ಹೆದರ್ಕೊಂಡಿದ್ನಾ ನಾನು?" ಎಂದರು. ಆಮೇಲೆ ಉಪ್ಪು ಹಾಕಿ, ಕೈಯಾಡಿಸಿ, ಬಾಯಿಗೆ ಹಾಕದೆ ಮೊದಲ ಪ್ಲೇಟು ಬಡಿಸಿದರು. ಲಗ್ಗೆರೆಯ ಕಡೆಯಿಂದ ದಿನಾ ಬರುವ ಗಿರಾಕಿ ಅವನು. ತಿನ್ನುವವನ ಬಾಯನ್ನೇ ಮೂವರೂ ನೋಡುತ್ತ ನಿಂತೆವು. ಅವನು ಗಾಬರಿಯಾಗಿ, "ಯಾಕಮ್ಮ, ಇದ್ರಲ್ಲಿ ಏನಾದ್ರೂ ಬಿದ್ದಿದ್ಯಾ?" ಎಂದು ಕೇಳಿದ. ನಾವು ನಕ್ಕ ರಭಸಕ್ಕೆ ಪಾಪ, ಪೂರಿಯನ್ನು ತಿರುಗಿಸಿ ಬೇರೆ ನೋಡಿದ.

ಬೋಂಡ, ಚಿಪ್ಸಿಗೂ ಉಪ್ಪು ನೋಡುವುದು ನಿಂತಿತು; ಮೂರು ತಿಂಗಳಿಗೆ ಒಟ್ಟು ಐದೂವರೆ ಕೆಜಿ ಇಳಿಯಿತು. ಡಾಕ್ಟರು ಉಳಿದ ಅರ್ಧ ಕೆಜಿ ಮನ್ನಿಸಿ, ನಿಂತು ಕೆಲಸ ಮಾಡಿ ಎಂದರು.

ಆ ಮಧ್ಯಾಹ್ನ ಆಸ್ಪತ್ರೆಯಿಂದ ಬಂದ ಮುನಿತಾಯಮ್ಮ ತಮ್ಮ ಪಾಲಿನ ಪಲ್ಯವನ್ನು ತೂಗಿ ತಟ್ಟೆಗೆ ಹಾಕಿಕೊಂಡು ನೆಲದ ಮೇಲೆ ಕಾಲು ಚಾಚಿ ಕೂತರು. ನಿಧಾನವಾಗಿ ತಿಂದರು. ಅರ್ಧ ಮುಗಿದಾಗ ತಲೆಯೆತ್ತಿದರು.

"ಟೀಚರಮ್ಮ, ಇಪ್ಪತ್ತೆರಡು ವರ್ಷದಿಂದ ಉಪ್ಪು ಸರಿ ಇದ್ಯಾ ಅಂತ ಮಾತ್ರ ನೋಡ್ತಿದ್ದೆ. ಚೆನ್ನಾಗೇ ಮಾಡ್ತೀನಿ ಅಲ್ವಾ ನಾನು?"

ನನ್ನ ಬಾಯಿ ತುಂಬ ಅದೇ ಪಲ್ಯವಿತ್ತು, ಜೋರಾಗಿ ತಲೆಯಾಡಿಸಿದೆ. ಅವರು ಆಗಲೇ ತಟ್ಟೆಯಲ್ಲಿ ಉಳಿದದ್ದನ್ನು ತಿನ್ನತೊಡಗಿದ್ದರು.