ಇಗ್ನೇಶಿಯಸ್ ಸೂರ್ಯನ ಕಡೆ ನಡೆದ ಬೆಳಗು

ದೋಹಾದ ಕನ್ನಡಿಗರ ನಡುವೆ ಇಗ್ನೇಶಿಯಸ್ ಎಂದರೆ ಅರ್ಧ ಜನಕ್ಕೆ ಯಾರೆಂದೇ ತಿಳಿಯುವುದಿಲ್ಲ. ‘ಸೇಫ್ಟಿ ಸಾರ್’ ಎಂದರೆ ಸಾಕು, ಎಲ್ಲರೂ ಮೊದಲು ನಗುತ್ತಾರೆ, ಆಮೇಲೆ ಮೆಲ್ಲಗೆ ಸೀಟ್‌ಬೆಲ್ಟ್ ಹಾಕಿಕೊಳ್ಳುತ್ತಾರೆ. ಮೆಸಯೀದಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಸುರಕ್ಷತೆಯ ಉಸ್ತುವಾರಿ ನೋಡುವ ಈ ಮನುಷ್ಯನಿಗೆ ಈಗ ಐವತ್ತಾರು. ಊರು ಕರಾವಳಿಯ ಕಾಪು. ಯಾರ ಮನೆಗೆ ಊಟಕ್ಕೆ ಹೋದರೂ ನೇರ ಅಡುಗೆಮನೆಗೆ ನುಗ್ಗಿ ಗ್ಯಾಸ್ ಪೈಪಿನ ತಾರೀಖು ನೋಡುವುದು, ಆಮೇಲೆ ಕೈ ತೊಳೆಯುವುದು ಅವರ ಪದ್ಧತಿ. ಆತಿಥ್ಯ ಮಾಡಿದವರು ಮೂಗು ಮುರಿದರೂ ಅವರಿಗೆ ಅದರ ಪರಿವೆ ಇಲ್ಲ. ತಾರೀಖು ಮೀರಿದ್ದರೆ ಮರುದಿನ ತಾವೇ ಹೊಸ ಪೈಪ್ ತಂದು ಹಾಕಿಕೊಟ್ಟು ಹೋಗುತ್ತಾರೆ.

ನವೆಂಬರಿನಲ್ಲಿ ಸೆಕೆ ಇಳಿದದ್ದೇ ತಡ, ಅವರ ಶನಿವಾರಗಳು ಶುರುವಾಗುತ್ತವೆ. ಶುಕ್ರವಾರ ಅಬು ಹಮೂರಿನ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಕಾರಿನಲ್ಲಿ ಕೂತವರೇ ವಾಟ್ಸಾಪ್ ಗುಂಪಿಗೆ ಮರುದಿನದ ಪಟ್ಟಿ ಹಾಕುತ್ತಾರೆ: ಯಾರ ಕಾರಿನಲ್ಲಿ ಯಾರು, ತಲೆಗೆ ಎಷ್ಟು ಲೀಟರ್ ನೀರು, ಟೋಪಿ ಇಲ್ಲದವರು ಬರುವುದು ಬೇಡ. ಹನ್ನೊಂದು ಚಳಿಗಾಲದಿಂದ ಹೀಗೆ ಅವರು ಜನರನ್ನು ಉತ್ತರದ ಕಡೆ ಕರೆದೊಯ್ಯುತ್ತಿದ್ದಾರೆ. ಅಲ್ ಖೋರ್ ದಾಟಿದ ಮೇಲೆ ರಸ್ತೆ ಖಾಲಿಯಾಗುತ್ತದೆ. ಕಲ್ಲು ಮರಳಿನ ಬಯಲು, ಜನ ಬಿಟ್ಟುಹೋದ ಮೀನುಗಾರರ ಹಳ್ಳಿಗಳು, ಕಾಂಡ್ಲಾ ಗಿಡಗಳ ನಡುವೆ ನುಸುಳುವ ಉಪ್ಪುನೀರು, ಇಳಿತದ ಹೊತ್ತಿಗೆ ಮೈಲಿಗಟ್ಟಲೆ ಬರಿದಾಗುವ ಕಡಲ ತಳ. ಆಫೀಸಿನ ಎಸಿಯಲ್ಲಿ ವಾರವೆಲ್ಲ ಕೂತವರಿಗೆ ಅಲ್ಲಿ ಕಾಲಿಟ್ಟರೆ ಹುಚ್ಚು ಹಿಡಿಯುತ್ತದೆ, ಮಕ್ಕಳಿಗಂತೂ ಹೇಳುವುದೇ ಬೇಡ. ಆ ಹುಚ್ಚಿಗೆ ಹಗ್ಗ ಹಾಕುವುದೇ ಇಗ್ನೇಶಿಯಸರ ಕೆಲಸ.

ಕಾರು ನಿಲ್ಲಿಸಿದ ಕೂಡಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹತ್ತು ನಿಮಿಷ ಭಾಷಣ. ಕೊರಳಿಗೆ ಸೀಟಿ. ನೀರಿಗೆ ಇಳಿಯುವವರ ಫೋನು ಕಾರಿನಲ್ಲಿ, ಯಾಕೆಂದರೆ ಸೆಲ್ಫಿ ತೆಗೆಯುತ್ತ ಹಿಂದೆ ಉಳಿದವರನ್ನು ಹುಡುಕಿ ಅವರಿಗೆ ಸಾಕಾಗಿತ್ತು. ದಿಕ್ಸೂಚಿ, ಔಷಧಿ ಇರುವ ಕೆಂಪು ಬ್ಯಾಗು ಹೆಚ್ಚು ಜನ ಇರುವಲ್ಲಿ ಇರಬೇಕು. ಕೊನೆಯದು ಕಾರ್ಖಾನೆಯಿಂದಲೇ ತಂದ ನಿಯಮ: ಯಾರೇ ಆಗಲಿ, ಕೈ ಎತ್ತಿ ‘ಸ್ಟಾಪ್’ ಎಂದರೆ ಎಲ್ಲರೂ ನಿಲ್ಲಬೇಕು, ಕಾರಣ ಆಮೇಲೆ ಕೇಳಬೇಕು. ಕಾರ್ಖಾನೆಯಲ್ಲಿ ಕಸ ಗುಡಿಸುವವನಿಗೂ ಈ ಹಕ್ಕು ಇದೆ ಎಂದು ಅವರು ಪ್ರತಿಸಲ ಹೇಳುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅದನ್ನು ಬಳಸಿದವರು ಒಬ್ಬರೇ, ಬೋಂಡಾ ತಣ್ಣಗಾಗುತ್ತಿದೆ ಎಂಬ ಕಾರಣಕ್ಕೆ. ಆ ಮಹಾಶಯರ ಹೆಸರು ಮುಂದಿನ ಎರಡು ಶನಿವಾರ ಪಟ್ಟಿಯಲ್ಲಿ ಬರಲಿಲ್ಲ.

ಕಳೆದ ಜನವರಿಯ ಒಂದು ಶನಿವಾರ ಗುಂಪು ಅಲ್ ಶಮಾಲಿನ ಪೂರ್ವ ತೀರಕ್ಕೆ ಹೋಯಿತು. ನಾಲ್ಕು ಕಾರು, ಹದಿನಾಲ್ಕು ಜನ. ಅವರಲ್ಲಿ ಹೊಸಬರು ಧನಂಜಯನ ಮನೆಯವರು. ಧನಂಜಯ ಮೈಸೂರಿನವನು, ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸ. ಜೊತೆಗೆ ಹತ್ತು ವರ್ಷದ ಮಗಳು ಇಂಚರಾ, ವಿಸಿಟ್ ವೀಸಾದಲ್ಲಿ ಬಂದಿದ್ದ ತಾಯಿ ವಿಜಯಮ್ಮ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವಾಕಿಂಗ್ ಮಾಡಿದ್ದೇ ಧನಂಜಯನಿಗಿದ್ದ ಜಲಾನುಭವ. ಈಜು ಬಾರದು. ಕರಾವಳಿಯವರು ಹುಟ್ಟುವಾಗಲೇ ಕಡಲನ್ನು ಕಲಿತು ಬರುತ್ತಾರೆ ಎಂದು ಅವನು ನಂಬಿದ್ದ. ಆ ನಂಬಿಕೆಯನ್ನು ಇಗ್ನೇಶಿಯಸ್ ಎಂದೂ ಬಲವಾಗಿ ಅಲ್ಲಗಳೆದವರಲ್ಲ.

ನೀರು ಇಳಿದಿತ್ತು. ದೂರದಲ್ಲಿ ಫ್ಲೆಮಿಂಗೊ ಹಕ್ಕಿಗಳ ಒಂದು ಗುಂಪು ತಲೆ ತಗ್ಗಿಸಿ ಮೇಯುತ್ತಿತ್ತು. ಹತ್ತಿರದಿಂದ ನೋಡಬೇಕೆಂದು ಇಂಚರಾ ಹಟ ಹಿಡಿದಳು. ಇಗ್ನೇಶಿಯಸ್ ಭರತ ಇಳಿತದ ಪಟ್ಟಿ ನೋಡಿ, ಎಂಟು ಗಂಟೆ ಹತ್ತು ನಿಮಿಷದೊಳಗೆ ದಡ ಮುಟ್ಟಬೇಕು ಎಂದು ಲೆಕ್ಕ ಹಾಕಿ, ಆ ಹೊತ್ತನ್ನು ಹೆಂಡತಿ ಅಗಾತಾಗೆ ಹೇಳಿ, ಊರುಗೋಲು ಹಿಡಿದು ಅಪ್ಪ ಮಗಳನ್ನು ಕರೆದುಕೊಂಡು ಹೊರಟರು. ಹೆಚ್ಚು ಜನ ದಡದಲ್ಲೇ ಇದ್ದುದರಿಂದ ನಿಯಮದ ಪ್ರಕಾರ ಕೆಂಪು ಬ್ಯಾಗೂ ಅಲ್ಲೇ ಉಳಿಯಿತು. ಎದುರಿಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಪಾದ ಮುಳುಗುವಷ್ಟು ನೀರಿನಲ್ಲಿ ಮುಕ್ಕಾಲು ಕಿಲೋಮೀಟರು ನಡೆದು ಮೂವರೂ ಹಕ್ಕಿ ನೋಡಿದರು. ಒಂದು ಏಡಿಯ ಹಿಂದೆ ಇಂಚರಾ ಸುತ್ತು ಹೊಡೆದಳು. ಅಷ್ಟರಲ್ಲಿ ಮಂಜು ಬಂತು.

ಕತಾರಿನ ಚಳಿಗಾಲದ ಮಂಜು ಹೇಳಿ ಕೇಳಿ ಬರುವುದಿಲ್ಲ. ಐದು ನಿಮಿಷದಲ್ಲಿ ದಡ, ಕಾರು, ಹಕ್ಕಿ ಎಲ್ಲ ಮಾಯ. ಇಗ್ನೇಶಿಯಸ್ ಮೂರು ಸಲ ಸೀಟಿ ಊದಿ ಕಿವಿಗೊಟ್ಟರು. ದಡದಲ್ಲಿ ಚಹಾದ ಗಲಾಟೆಯಲ್ಲಿದ್ದವರಿಗೆ ಅದು ಕೇಳಿಸಲಿಲ್ಲ. ದಾರಿ ತಪ್ಪಿದರೆ ನಿಂತಲ್ಲೇ ನಿಲ್ಲಿ ಎಂದು ಅವರೇ ಕಲಿಸಿದ್ದು, ಆದರೆ ಇಲ್ಲಿ ನಿಂತರೆ ನೀರು ಏರುತ್ತದೆ. ಕೆಸರಿನ ಹೆಜ್ಜೆಗುರುತುಗಳನ್ನು ಏರುತ್ತಿದ್ದ ನೀರು ಆಗಲೇ ಅಳಿಸಿತ್ತು. ಅಷ್ಟು ಹೊತ್ತಿಗೆ ಮಂಜಿನ ಒಂದು ಕಡೆ ಸೂರ್ಯ ಬೆಳ್ಳಗೆ ತಟ್ಟೆಯ ಹಾಗೆ ಕಾಣಿಸಿದ.

ಕಾಪುವಿನಲ್ಲಿ ಹುಡುಗನಾಗಿದ್ದಾಗ ಇಗ್ನೇಶಿಯಸ್ ನೆರೆಮನೆಯ ಮೊಗವೀರರ ದೋಣಿಯಲ್ಲಿ ಎಷ್ಟೋ ಬೆಳಗು ಹೋಗಿ ಬಂದವರು. ಆ ಕಡಲು ಪಡುವಣದ್ದು. ವಾಪಸು ಬರುವಾಗ ಸೂರ್ಯ ತೆಂಗಿನ ಮರಗಳ ಮೇಲೆ, ಮನೆಯ ಕಡೆ ಇರುತ್ತಾನೆ. ಬೆಳಗಿನಲ್ಲಿ ಸೂರ್ಯನಿಗೆ ಮುಖ ಮಾಡಿದರೆ ದಡ ಸಿಗುತ್ತದೆ. ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ, ಮೈಯೇ ಕಲಿತದ್ದು. ಕತಾರಿಗೆ ಮೂರು ಕಡೆ ಕಡಲು, ಈ ತೀರದಲ್ಲಿ ಸೂರ್ಯ ನೀರಿನಿಂದಲೇ ಏಳುತ್ತಾನೆ ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವೇ? ನಕ್ಷೆ ಹಿಡಿದು ಊರಿಗೆಲ್ಲ ಹೇಳಿದವರು ಅವರೇ. ಆದರೆ ಮಂಜು ಕವಿದಾಗ ನಕ್ಷೆ ಹಿಂದೆ ಸರಿಯಿತು, ಕಾಪು ಮುಂದೆ ಬಂತು. ಇಗ್ನೇಶಿಯಸ್ ಸೂರ್ಯನ ಕಡೆ ತಿರುಗಿದರು. ಅಂದರೆ ದಡಕ್ಕೆ ಬೆನ್ನು ಹಾಕಿ, ತೆರೆದ ಕಡಲಿನ ಕಡೆ.

“ಹೆದರಬೇಡಿ. ಸೂರ್ಯ ಅಲ್ಲುಂಟು, ದಡ ಅದೇ ಕಡೆ. ಹತ್ತು ನಿಮಿಷ, ನನ್ನ ಹಿಂದೆಯೇ ಬನ್ನಿ,” ಎಂದರು.

ಧನಂಜಯನಿಗೆ ಆ ಕ್ಷಣವೇ ಏನೋ ಸರಿಯಿಲ್ಲ ಅನ್ನಿಸಿತ್ತು. ಬರುವಾಗ ಸೂರ್ಯ ಎದುರಿಗಿದ್ದ, ಹಿಂದಿರುಗುವಾಗಲೂ ಎದುರಿಗೇ ಇರುವುದು ಹೇಗೆ? ಎರಡು ಸಲ ಬಾಯಿ ತೆರೆದು ಎರಡು ಸಲ ಮುಚ್ಚಿದ. ಕಡಲಿನವರಿಗೆ ಮೈಸೂರಿನವನು ದಿಕ್ಕು ಹೇಳಿಕೊಡುವುದೇ? ಅದೂ ಸೇಫ್ಟಿ ಸಾರ್‌ಗೆ? ನಮ್ಮ ಜನರ ಈ ಮರ್ಯಾದೆಗೆ ಏನೆನ್ನಬೇಕೋ ತಿಳಿಯದು. ಹೋಟೆಲಿನಲ್ಲಿ ಸಾಂಬಾರು ತಣ್ಣಗಿದ್ದರೆ ಊರು ಒಂದು ಮಾಡುವವರು, ಮಗಳ ಜೀವದ ಪ್ರಶ್ನೆ ಬಂದಾಗ ಹಿರಿಯರು ಏನಂದುಕೊಂಡಾರೋ ಎಂದು ತುಟಿ ಹೊಲಿದುಕೊಳ್ಳುತ್ತಾರೆ.

ಹದಿನೈದು ನಿಮಿಷ ನಡೆದರು. ನೀರು ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ಮೊಣಕಾಲಿಗೆ ಬಂತು. ದಡದ ಹತ್ತಿರ ಒಂದು ತಗ್ಗು ದಾಟಿದ್ದೆವಲ್ಲ, ಇದು ಅದೇ ಎಂದು ಇಗ್ನೇಶಿಯಸ್ ಸಮಾಧಾನ ಹೇಳಿದರು. ತಳ ಮೆತ್ತಗಾದದ್ದಕ್ಕೂ ಅವರ ಬಳಿ ಕಾರಣವಿತ್ತು. ದೊಡ್ಡವರ ತೊಡೆಗೆ ಬಂದ ನೀರು ಇಂಚರಾಳ ಹೊಟ್ಟೆಗೆ ಬಂದಾಗ ಅವಳು ಕೈ ಎತ್ತಿದಳು.

“ಅಂಕಲ್, ಸ್ಟಾಪ್.”

ಇಗ್ನೇಶಿಯಸ್ ಕೇಳಿಸಿಕೊಂಡರು. ಕೇಳಿಸಿಕೊಂಡೂ ಇನ್ನೆರಡು ಹೆಜ್ಜೆ ಹಾಕಿದರು. ಅವಳು ಇನ್ನೂ ಜೋರಾಗಿ ಅದೇ ಮಾತು ಹೇಳಿದಾಗ ನಿಂತರು. ಮೂವರೂ ನಿಂತದ್ದರಿಂದ ಕಾಲಿನಿಂದ ಏಳುತ್ತಿದ್ದ ನೀರಿನ ಸದ್ದು ನಿಂತಿತು. ಆಗ ಕೇಳಿಸಿತು ಕಾರಿನ ಹಾರ್ನ್, ಬಲು ಸಣ್ಣಗೆ, ಬಿಟ್ಟು ಬಿಟ್ಟು. ಅದು ಬರುತ್ತಿದ್ದದ್ದು ಬೆನ್ನ ಹಿಂದಿನಿಂದ. ಎಂಟೂ ಹತ್ತು ದಾಟಿತೆಂದು ಅಗಾತಾ ಕಾರಿನಲ್ಲಿ ಕೂತು ಒತ್ತುತ್ತಿದ್ದರು.

ಇಗ್ನೇಶಿಯಸ್ ಒಮ್ಮೆ ಸೂರ್ಯನನ್ನು ನೋಡಿದರು, ಒಮ್ಮೆ ಹಾರ್ನ್ ಬಂದ ಕಡೆ ನೋಡಿದರು.

“ಬರುವಾಗ ಸೂರ್ಯ ನಮ್ಮ ಕಣ್ಣಿಗೆ ಹೊಡೀತಿದ್ದ ಸಾರ್,” ಎಂದ ಧನಂಜಯ.

“ನಿಮಗೆ ಗೊತ್ತಿತ್ತಾ?”

“ಅನ್ನಿಸ್ತು ಸಾರ್. ನೀವು ಕಡಲ ಕಡೆಯವರು, ನಾನು ಏನ್ ಹೇಳೋದು ಅಂತ...”

ಧನಂಜಯ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ. ಇಗ್ನೇಶಿಯಸ್ ಊರುಗೋಲಿನಿಂದ ತಳ ಮುಟ್ಟಿ ನೋಡುತ್ತ ಮುಂದೆ ನಡೆದರು. ನೂರು ಹೆಜ್ಜೆಗೊಮ್ಮೆ ನಿಲ್ಲುವುದು, ಹಾರ್ನ್ ಕೇಳುವುದು, ದಿಕ್ಕು ಸರಿಮಾಡಿಕೊಳ್ಳುವುದು. ಬರುವಾಗ ಸಲೀಸಾಗಿ ದಾಟಿದ್ದ ತಗ್ಗಿನಲ್ಲಿ ಈಗ ಎದೆಮಟ್ಟ ನೀರು. ಅದರ ನಡುವೆ ಧನಂಜಯನ ಕಾಲು ಕೆಸರಿನಲ್ಲಿ ಹೂತು, ಅವನು ವಾಲಿ, ಇಂಚರಾ ನೀರಿಗೆ ಜಾರಿದಳು. ತಲೆ ಮುಳುಗಿತು. ಇಗ್ನೇಶಿಯಸರ ಕೈಗೆ ಅವಳ ಜಾಕೆಟ್ಟಿನ ಕೊರಳು ಸಿಕ್ಕಿತು, ಸಿಕ್ಕಿದ್ದನ್ನು ಅವರು ಬಿಡಲಿಲ್ಲ. ಕೆಮ್ಮುತ್ತಿದ್ದ ಮಗುವನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಧನಂಜಯನನ್ನು ಎಳೆದುಕೊಂಡು ಆಚೆ ಬದಿ ಹತ್ತಿದರು. ದಡ ಮುಟ್ಟುವಾಗ ಒಂಬತ್ತು ದಾಟಿತ್ತು.

ಜೀವ ಕೈಯಲ್ಲಿ ಹಿಡಿದು ಕೂತಿದ್ದ ವಿಜಯಮ್ಮ ಮೊಮ್ಮಗಳನ್ನು ಸೆರಗಿನಲ್ಲಿ ಸುತ್ತಿ ಅತ್ತರು. ಆಮೇಲೆ ಇಗ್ನೇಶಿಯಸರ ಎರಡೂ ಕೈ ಹಿಡಿದು, ನೀವು ಇದ್ದದ್ದಕ್ಕೆ ನನ್ನ ಕೂಸು ಉಳೀತು, ಆ ದೇವರೇ ನಿಮ್ಮನ್ನ ಕಳಿಸಿದ್ದು ಎಂದರು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

“ಇಲ್ಲ ಅಮ್ಮ. ನಾನು ಮಗುವನ್ನು ಸಮುದ್ರದ ಕಡೆಗೇ ಕರಕೊಂಡು ಹೋಗಿದ್ದು. ನಿಲ್ಲಿಸಿದ್ದು ಇವಳು,” ಎಂದರು ಇಗ್ನೇಶಿಯಸ್.

ಯಾರೂ ನಂಬಲಿಲ್ಲ. ದೊಡ್ಡವರ ವಿನಯ ಹೀಗೇ ಇರುತ್ತದೆ ಎಂದರು. ಧನಂಜಯನೂ ಅವರ ಜೊತೆ ನಕ್ಕು, ಸಾರ್ ಹಾಗೇ ಹೇಳ್ತಾರೆ ಬಿಡಿ ಎಂದ. ಯಾರೋ ಬಿಸಿ ಚಹಾ ತಂದು ಕೈಗಿಟ್ಟರು.

ಮನೆಗೆ ಬಂದ ಇಗ್ನೇಶಿಯಸ್ ಬಟ್ಟೆ ಬದಲಿಸಿ ಮೇಜಿನ ಮುಂದೆ ಕೂತು, ಕಾರ್ಖಾನೆಯಲ್ಲಿ ಅವಘಡವಾದಾಗ ಬರೆಯುವ ಹಾಗೆಯೇ ವರದಿ ಬರೆದರು. ಮುಂದಾಳು ಊರಿನ ಅಭ್ಯಾಸದಿಂದ ಸೂರ್ಯನ ಕಡೆ ನಡೆದದ್ದು. ದಿಕ್ಸೂಚಿ ಜೊತೆಗೆ ಒಯ್ಯದೆ ಹೋದದ್ದು. ‘ಸ್ಟಾಪ್’ ಎಂದ ಮೇಲೂ ಎರಡು ಹೆಜ್ಜೆ ಇಟ್ಟದ್ದು. ಒಂದನ್ನೂ ಬಚ್ಚಿಡದೆ ಗುಂಪಿಗೆ ಹಾಕಿದರು. ಉತ್ತರವಾಗಿ ಮುಗಿದ ಕೈಗಳು, ಹೂಗುಚ್ಛಗಳು, ಇಂಥ ನಾಯಕ ಎಲ್ಲಿ ಸಿಗುತ್ತಾರೆ ಎಂಬ ಮಾತುಗಳು ಸಂಜೆಯವರೆಗೂ ಬಂದವು. ಓದಿದವರು ಯಾರು, ಓದದೆ ಕೈ ಮುಗಿದವರು ಯಾರು, ಹೇಳುವುದು ಕಷ್ಟ. ಇಗ್ನೇಶಿಯಸರಿಗೆ ಆ ವಾರವೆಲ್ಲ ನಿದ್ದೆ ಸರಿಯಾಗಿ ಹತ್ತಲಿಲ್ಲ. ಕೈಗೆ ಸಿಕ್ಕ ಜಾಕೆಟ್ಟಿಗಿಂತ ಕೈ ತಪ್ಪಬಹುದಾಗಿದ್ದ ಜಾಕೆಟ್ಟು ಅವರಿಗೆ ಹೆಚ್ಚು ನೆನಪಾಗುತ್ತಿತ್ತು.

ಗುರುವಾರ ಧನಂಜಯನ ಮೆಸೇಜ್ ಬಂತು. ಈ ಶನಿವಾರ ತಾನೂ ಅಮ್ಮನೂ ಬರುತ್ತೇವೆ, ಇಂಚರಾಗೆ ಎಕ್ಸಾಮ್ ಇರುವುದರಿಂದ ಅವಳನ್ನು ಕರೆತರುವುದಿಲ್ಲ, ಕ್ಷಮಿಸಬೇಕು ಎಂದಿತ್ತು. ಅಗಾತಾ ಅದನ್ನು ಓದಿ ಹುಬ್ಬೇರಿಸಿದರು. ಅದೇ ಶಾಲೆಯ ಅದೇ ತರಗತಿಯ ಹುಡುಗಿ ಅವರ ಎದುರು ಫ್ಲಾಟಿನಲ್ಲೇ ಇದ್ದಳು. ಪರೀಕ್ಷೆ ಮುಗಿದು ಹತ್ತು ದಿನವಾಗಿತ್ತು. ಹೋಗಲಿ ಬಿಡಿ, ಕೇಳಬೇಡಿ ಎಂದು ಅಗಾತಾ ಹೇಳಿದರು. ಇಗ್ನೇಶಿಯಸ್ ಆಗಲೇ ನಂಬರು ಒತ್ತಿದ್ದರು.

“ಧನಂಜಯ, ಎಕ್ಸಾಮ್ ಮುಗಿದಿದೆ ಅಂತ ನನಗೆ ಗೊತ್ತುಂಟು. ಮನಸ್ಸಲ್ಲಿ ಇದ್ದದ್ದನ್ನು ಹೇಳಿ.”

ಅತ್ತ ಕಡೆ ಟಿವಿಯ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ಆರಿಸಿದರು. ಧನಂಜಯ, ಹಾಗೇನಿಲ್ಲ ಸಾರ್, ನಿಮ್ಮ ಮೇಲೆ ಗೌರವ ಇದೆ ಸಾರ್ ಎಂದು ಒಂದೆರಡು ಸುತ್ತು ಬಳಸಿದ.

“ಭಯ ಆಗುತ್ತೆ ಸಾರ್,” ಎಂದ ಕೊನೆಗೆ. “ಅವಳನ್ನ ನಿಮ್ಮ ಜೊತೆ ಕಳಿಸೋಕೆ ಭಯ ಆಗುತ್ತೆ.”

ಇಪ್ಪತ್ತೊಂದು ವರ್ಷದಲ್ಲಿ ಇಂಥ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

“ಹೀಗೇ ಹೇಳಬೇಕು ಧನಂಜಯ. ಆ ದಿನ ನೀರಲ್ಲಿಯೂ ಹೀಗೇ ಹೇಳಬೇಕಿತ್ತು,” ಎಂದು ಹೇಳಿ ಫೋನ್ ಇಟ್ಟರು.

ಏನಂತೆ ಎಂದು ಅಗಾತಾ ಕೇಳಿದರು. ಮಗಳನ್ನು ನನ್ನ ಜೊತೆ ಕಳಿಸಲು ಅವನಿಗೆ ಹೆದರಿಕೆಯಂತೆ ಎಂದರು ಇಗ್ನೇಶಿಯಸ್. ಅಗಾತಾಗೆ ಸಿಟ್ಟು ಬಂತು. ನೀರಿನಿಂದ ಎತ್ತಿಕೊಂಡು ಬಂದವರಿಗೆ ಆಡುವ ಮಾತೇ ಇದು ಎಂದು ಗೊಣಗಿದರು. ಇಗ್ನೇಶಿಯಸರ ಕಣ್ಣು ತುಂಬಿ ಬಂದಿತ್ತು, ಒರೆಸಿಕೊಳ್ಳಲಿಲ್ಲ.

“ಅವಳ ಅಪ್ಪ ನಾನಾಗಿದ್ದರೆ,” ಎಂದರು, “ನಾನೂ ಕಳಿಸ್ತಿರಲಿಲ್ಲ.”