ಎರಡು ದಿನದ ಬಾಡಿಗೆದಾರ

ನಮ್ಮ ಕಡಲತೀರದ ಓಣಿಯಲ್ಲಿ ಗಡಿಯಾರ ನೋಡುವ ಮನುಷ್ಯ ಒಬ್ಬನೂ ಇಲ್ಲವೆಂದು ನಾನು ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುತ್ತೇನೆ. ಈ ಓಣಿ ಹುಟ್ಟಿದ್ದೇ ಎರಡು ದಿನಕ್ಕೆಂದು ಬಂದು, ಎದ್ದುಹೋಗಲು ಬೇಸರವಾಗಿ ಉಳಿದುಕೊಂಡವರಿಂದ. ಇಲ್ಲಿನ ಕ್ಷೌರದವನು ಒಂದು ಕೆನ್ನೆ ಬೋಳಿಸಿ ಈಜಲು ಹೋದರೆ, ಇನ್ನೊಂದು ಕೆನ್ನೆಗೆ ಬರುವಷ್ಟರಲ್ಲಿ ಮೊದಲಿನದರಲ್ಲಿ ಮತ್ತೆ ಗಡ್ಡ ಬೆಳೆದಿರುತ್ತದೆ. ಇವರಿಗೆಲ್ಲ ಗುರು ನನ್ನ ಮಹಡಿ ಕೋಣೆಯ ಬಾಡಿಗೆದಾರ. ಅವನೂ ಎರಡು ದಿನಕ್ಕೆಂದೇ ಬಂದವನು; ಇಪ್ಪತ್ತಾರು ವರ್ಷವಾಯಿತು. ಅಂಗಿಯ ಗುಂಡಿ ಹಾಕುವುದೂ ಅವನ ಲೆಕ್ಕದಲ್ಲಿ ದುಡಿಮೆ. ಅವನು ಮಲಗಿದಲ್ಲೇ ಮಲಗಿದ್ದರೆ ಅವನ ನೆರಳೇ ಬೇಸತ್ತು ಜಾಗ ಬದಲಿಸುತ್ತದೆ. ದಿನ ಬೆಳಗಾದರೆ "ನಾಳೆ ಹೊರಟೆ ಅಣ್ಣ" ಎನ್ನುತ್ತಾನೆ. ಆದರೆ ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷವಿರುವಾಗ ಇದೇ ಮನುಷ್ಯ ದಿಂಬಿನಡಿಯಿಂದ ಕೈಗಡಿಯಾರ ತೆಗೆದು ನೋಡಿ, ಬೂಟು ಹಾಕಿಕೊಂಡು, ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ನಡೆಯುತ್ತಾನೆ. ಬಸ್ಸು ಹೊರಟುಹೋದ ಮೇಲೆ ಬೂಟು ಕೈಯಲ್ಲಿ ಹಿಡಿದು, ಮರಳಿನಲ್ಲಿ ಬರಿಗಾಲಲ್ಲಿ ಹಿಂದಿರುಗುತ್ತಾನೆ. ನಿನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ: "ಹೆಂಡತಿಗೆ ಎರಡೇ ದಿನ ಅಂತ ಹೇಳಿ ಬಂದೋನು ನೀನು. ಬಸ್ ಹತ್ತೋದಕ್ಕೆ ಏನಪ್ಪ ಕಷ್ಟ?" ಅವನು ಬೂಟಿನೊಳಗಿನ ಮರಳು ಕೊಡವುತ್ತ ಹೇಳಿದ: "ಹತ್ತೋದು ಸುಲಭ ಅಣ್ಣ. ಬಾಗಿಲು ತೆಗೆದು, ಯಾಕಿಷ್ಟು ತಡ ಅಂತ ಕೇಳ್ತಾಳಲ್ಲ, ಅದಕ್ಕೊಂದು ಉತ್ತರ ನೀವೇ ಹೇಳಿಕೊಡಿ. ನಾಳೆನೇ ಹೋಗ್ತೀನಿ."