ತೊಪ್ಪೂರು ಘಾಟಿಯಲ್ಲಿ ಸರಿಹೋದ ಪ್ರೋಗ್ರಾಮ್

ಗೆಳೆಯರೇ, ಇವತ್ತು ನಲ್ಲಂಪಳ್ಳಿಯಿಂದ ಸೇಲಂ ಕಾಲೇಜಿಗೆ ನಾನು ಹೋಗುವ ಬಸ್ಸಿಗೆ ನನ್ನ ಜೊತೆ ಅಮ್ಮನೂ ಹತ್ತಿದರು. ದಾರಿಯುದ್ದಕ್ಕೂ ನಾನು ಯಾರಿಗೋ ಮೆಸೇಜು ಮಾಡುತ್ತೇನೆಂದು, ಇದೇ ಬಸ್ಸಿಗೆ ಬರುವ ಪಕ್ಕದ ಮನೆಯ ಅತ್ತೆ ಚಾಡಿ ಹೇಳಿದ್ದರು.

"ಯಾರ್ಲೇ ಅವ್ನು? ಫೋನ್ ಕೊಡಿಲ್ಲಿ," ಅಂದರು ಅಮ್ಮ.

"ಯಾರೂ ಇಲ್ಲಮ್ಮ, ಪ್ರೋಗ್ರಾಮ್ ಬರೀತಾವ್ನಿ. ಪರೀಕ್ಷೆಗೆ ಓದೋದ್ರಲ್ಲಿ ಇದು ಮರ್ತೋಗ್ಬಾರ್ದು ಅಂತ ಬಸ್ಸಲ್ಲೇ ದಿನಾ ಒಂದು ಲೆಕ್ಕ."

ಅಮ್ಮ ನಂಬದೆ ಫೋನನ್ನೇ ನೋಡುತ್ತ ಕುಳಿತರು. ಬರೆದದ್ದನ್ನು ಓಡಿಸಿ ನೋಡಿದೆ; ತಪ್ಪೆಂದು ಕೆಂಪು ಗುರುತು ಬಂತು. ತೊಪ್ಪೂರು ಘಾಟಿ ಮುಗಿಯುವಷ್ಟರಲ್ಲಿ ತಪ್ಪು ಹುಡುಕಿ ತಿದ್ದಿದೆ. ಸರಿಯೆಂದು ಹಸಿರು ಗುರುತು ಬಂತು.

ಅಮ್ಮ ಹಿಂದಿನ ಸೀಟಿನಲ್ಲಿದ್ದ ಅತ್ತೆಯತ್ತ ತಿರುಗಿ, ತಮಿಳು ಬೆರೆಸಿ, "ನನ್ ಮಗ್ಳು ಕಂಪ್ಯೂಟರ್ ಕಣಕ್ಕು, ಲೆಕ್ಕ ಮಾಡ್ತಾವ್ಳೆ, ತೆರಿಯುಮಾ, ಗೊತ್ತಾ?" ಅಂದರು.

ಫೋನು ನನ್ನ ಕೈಯಲ್ಲೇ ಉಳಿಯಿತು. ಸಂಜೆ ಮನೆಗೆ ಬಂದರೆ ಅಮ್ಮನ ಮೊದಲ ಪ್ರಶ್ನೆ: "ವಾಪಸ್ ಬರೋವಾಗ ಇನ್ನೊಂದು ಲೆಕ್ಕ ಮಾಡ್ದಾ, ಇಲ್ವಾ?"